ಹೆಚ್ಚು ಬೆಲೆಯ ಪಿಕಪ್ ಕಡಿಮೆ ಎಳೆಯುವುದು ಏಕೆ?

ಕಳೆದ ತಿಂಗಳು ಮುಂಬೈಗೆ ಹೋಗಿದ್ದಾಗ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಭಾವನ ಜೊತೆ ಕಾಫಿ ಕುಡಿಯುತ್ತಿದ್ದೆ. ಆಗಲೇ ಅವರ ಮಗನ ಫೋನ್ ಬಂತು. ಹುಡುಗ ಇರುವುದು ಅಮೆರಿಕದ ಅರಿಜೋನಾದಲ್ಲಿ. ಪಿಕಪ್ ಟ್ರಕ್ ಕೊಳ್ಳಬೇಕು ಅಂತ ಓಡಾಡುತ್ತಿದ್ದಾನೆ. ಮಲಗಲು, ಅಡುಗೆ ಮಾಡಲು ಜಾಗ ಇರುವ ಟ್ರೇಲರನ್ನು ಅದರ ಹಿಂದೆ ಕಟ್ಟಿಕೊಂಡು ಹೆಂಡತಿ ಮಕ್ಕಳ ಜೊತೆ ಊರೂರು ಸುತ್ತುವ ಆಸೆ ಅವನಿಗೆ.

"ಮಾವ, ನೀವು ಪುಣೆಯಲ್ಲಿ ಗಾಡಿ ಬಿಡಿಭಾಗಗಳ ಕೆಲಸದಲ್ಲೇ ಇದ್ದವರು. ಇದೊಂದು ಬಿಡಿಸಿ ಹೇಳಿ. ಒಂದೇ ಕಂಪನಿ, ಒಂದೇ ಹೆಸರಿನ ಟ್ರಕ್. ಕೆಳಗಿನ ವೇರಿಯಂಟ್ ಜಾಸ್ತಿ ಎಳೆಯುತ್ತಂತೆ, ಮೇಲಿನದು ಕಮ್ಮಿ ಎಳೆಯುತ್ತಂತೆ. ದುಡ್ಡು ಜಾಸ್ತಿ ಕೊಟ್ಟು ಕಮ್ಮಿ ಎಳೆಯೋ ಗಾಡಿ ತಗೊಳ್ಳೋದಾ?"

ಪ್ರಶ್ನೆ ಚೆನ್ನಾಗಿದೆ. ಫೋನಿನಲ್ಲಿ ಅರ್ಧ ಗಂಟೆ ಹೇಳಿದೆ, ಆದರೂ ಮುಗಿಯಲಿಲ್ಲ. ಆದ್ದರಿಂದ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ಪಿಕಪ್ ಅಂದರೆ ಹೊರುವ ಗಾಡಿ. ಎಳೆಯುವ ಮಾತು ಇಲ್ಲಿ ಟ್ರ್ಯಾಕ್ಟರಿಗೆ ಸೇರಿದ್ದು. ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್ ನೋಡಿ. ಅದರಲ್ಲಿ 1.3 ಟನ್ ಹೊರುವುದೂ ಇದೆ, 2 ಟನ್ ಹೊರುವುದೂ ಇದೆ. ಹೆಸರು ಒಂದೇ ಆದರೂ ಹೊರುವ ತೂಕ ಬೇರೆ. ಇದು ನಮಗೆ ವಿಚಿತ್ರ ಅನ್ನಿಸುವುದಿಲ್ಲ. ತರಕಾರಿ ಸಾಗಿಸುವವರು ಒಂದನ್ನು ಕೊಳ್ಳುತ್ತಾರೆ, ಕಬ್ಬಿಣ ಸಾಗಿಸುವವರು ಇನ್ನೊಂದನ್ನು ಕೊಳ್ಳುತ್ತಾರೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಪಿಕಪ್ ಮನೆ ಮಂದಿಯ ಕಾರೂ ಹೌದು, ದೋಣಿ ಮತ್ತು ಟ್ರೇಲರ್ ಎಳೆಯುವ ಗಾಡಿಯೂ ಹೌದು. ಅಲ್ಲಿ ವೇರಿಯಂಟ್ ಮೇಲೆ ಹೋದಂತೆ ಸೇರುವುದು ಚರ್ಮದ ಸೀಟು, ದೊಡ್ಡ ಗಾಜಿನ ಛಾವಣಿ, ದೊಡ್ಡ ಚಕ್ರ. ಗೊಂದಲ ಹುಟ್ಟುವುದು ಅಲ್ಲೇ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಬೇಕು. ಎಳೆಯುವ ಸಾಮರ್ಥ್ಯ ಅಂತ ಬರೆದಿರುತ್ತಾರಲ್ಲ, ಅದು ಎಂಜಿನ್ನಿನ ಬಲ ಅಳೆದು ಬರೆದ ಅಂಕಿ ಅಲ್ಲ. ಅದು ಉಳಿಕೆಯ ಅಂಕಿ. ಸಂಬಳದಲ್ಲಿ ಬಾಡಿಗೆ, ರೇಷನ್, ಶಾಲೆ ಫೀಸು ಕಳೆದ ಮೇಲೆ ಕೈಯಲ್ಲಿ ಉಳಿಯುವ ದುಡ್ಡಿನ ಹಾಗೆ.

ಕಂಪನಿಯವರು ಪ್ರತಿ ಟ್ರಕ್ಕಿಗೂ ಒಂದು ಒಟ್ಟು ತೂಕದ ಮಿತಿ ಹಾಕುತ್ತಾರೆ. ಟ್ರಕ್ಕು, ಒಳಗಿನ ಜನ, ಸಾಮಾನು, ಹಿಂದಿನ ಟ್ರೇಲರ್, ಅದರೊಳಗಿನ ಸರಕು, ಎಲ್ಲಾ ಸೇರಿ ಇಷ್ಟು ಕಿಲೋ ದಾಟಬಾರದು ಅನ್ನುವ ಗೆರೆ ಅದು. ಇದಕ್ಕೆ ಜಿಸಿಡಬ್ಲ್ಯುಆರ್ ಅನ್ನುತ್ತಾರೆ. ನಾವು ಜೋಡಿ ತೂಕ ಅಂತ ಕರೆಯೋಣ. ಈ ಜೋಡಿ ತೂಕದಲ್ಲಿ ಟ್ರಕ್ಕಿನ ತೂಕ ಕಳೆಯಿರಿ, ಕೂತವರ ತೂಕ ಕಳೆಯಿರಿ. ಉಳಿದದ್ದು ಟ್ರೇಲರಿಗೆ.

ಸುಮ್ನೆ ಲೆಕ್ಕಕ್ಕೆ ಅಂತ ನಾನೇ ಎರಡು ಟ್ರಕ್ ಮಾಡುತ್ತೇನೆ. ಎರಡಕ್ಕೂ ಒಂದೇ ಎಂಜಿನ್, ಜೋಡಿ ತೂಕದ ಮಿತಿ 7,500 ಕಿಲೋ. ಕೆಳಗಿನ ವೇರಿಯಂಟ್ 2,100 ಕಿಲೋ ತೂಗುತ್ತದೆ. ಇಬ್ಬರು ಕೂತರೆ 140 ಕಿಲೋ. ಉಳಿಯಿತು 5,260 ಕಿಲೋ. ಮೇಲಿನ ವೇರಿಯಂಟಿಗೆ ಗಾಜಿನ ಛಾವಣಿ, ಮೋಟರ್ ಸೀಟು, ಉದ್ದನೆಯ ಕ್ಯಾಬಿನ್, ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ವ್ಯವಸ್ಥೆ ಎಲ್ಲಾ ಸೇರಿ ತೂಕ 2,450 ಆಯಿತು. ಅದೇ ಇಬ್ಬರು ಕೂತರೆ ಉಳಿಯುವುದು 4,910. ಎಂಜಿನ್ನಿನ ಬಲ ಒಂದು ಚೂರೂ ಕಡಿಮೆಯಾಗಿಲ್ಲ. ಆದರೂ ಟ್ರೇಲರಿನ ಪಾಲು 350 ಕಿಲೋ ಕಡಿಮೆಯಾಯಿತು. ಅದನ್ನು ಟ್ರಕ್ಕು ತನ್ನ ಮೈಮೇಲಿನ ಒಡವೆಗೇ ಖರ್ಚು ಮಾಡಿಬಿಟ್ಟಿತು.

ಹಾಗಾದರೆ 7,500 ಅನ್ನುವ ಗೆರೆ ಎಲ್ಲಿಂದ ಬಂತು? ಇದಕ್ಕೆ ಕರ್ಜತ್ ಸ್ಟೇಷನ್ನನ್ನು ನೆನಪಿಸಿಕೊಳ್ಳಬೇಕು.

ಮುಂಬೈಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋದವರಿಗೆಲ್ಲ ಕರ್ಜತ್ ಗೊತ್ತು. ರೈಲು ನಿಲ್ಲುತ್ತದೆ, ಬಟಾಟೆ ವಡೆ ಬರುತ್ತದೆ. ನಾವು ವಡೆ ತಿನ್ನುವಷ್ಟರಲ್ಲಿ ರೈಲಿನ ಹಿಂದುಗಡೆ ಬೇರೆ ಎಂಜಿನ್‌ಗಳು ಬಂದು ಸೇರಿಕೊಳ್ಳುತ್ತವೆ. ಅವಕ್ಕೆ ಬ್ಯಾಂಕರ್ ಅನ್ನುತ್ತಾರೆ. ಅಲ್ಲಿಂದ ಲೋಣಾವಳಾವರೆಗೆ ಭೋರ್ ಘಾಟ್. 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುವ ಕಡಿದಾದ ದಾರಿ. ಮುಂದಿನ ಎಂಜಿನ್ ಎಳೆಯುತ್ತದೆ, ಹಿಂದಿನವು ತಳ್ಳುತ್ತವೆ. ಪುಣೆ ದಾಟಿ ಸೊಲ್ಲಾಪುರದ ಬಯಲಿಗೆ ಬಂದರೆ ಅದೇ ರೈಲು ಒಂಟಿ ಎಂಜಿನ್ನಿನಲ್ಲಿ ಆರಾಮಾಗಿ ಓಡುತ್ತದೆ. ಹಾಗಾಗಿ ಒಂದು ಎಂಜಿನ್ ಎಷ್ಟು ಎಳೆಯುತ್ತದೆ ಅಂತ ಕೇಳಿದರೆ, ಎಲ್ಲಿ ಅಂತ ಮೊದಲು ತಿರುಗಿ ಕೇಳಬೇಕು.

ಟ್ರಕ್ಕಿಗೂ ಹಾಗೇ. ಹಿಂದೆ ಅಮೆರಿಕದಲ್ಲಿ ಒಂದೊಂದು ಕಂಪನಿಯೂ ತನ್ನದೇ ರೀತಿಯಲ್ಲಿ ಅಳೆದು ಅಂಕಿ ಹಾಕುತ್ತಿತ್ತು. ಒಬ್ಬರ ಅಂಕಿಯನ್ನು ಇನ್ನೊಬ್ಬರದರ ಜೊತೆ ಹೋಲಿಸುವ ಹಾಗಿರಲಿಲ್ಲ. 2008ರಲ್ಲಿ ಅಲ್ಲಿನ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ, ಜೆ2807 ಅನ್ನುವ ಒಂದು ಮಾನದಂಡ ತಂದಿತು. ಇದು ಕಾನೂನಲ್ಲ, ಒಪ್ಪಿದವರು ಪಾಲಿಸಬಹುದು. ಮೊದಲು ಒಪ್ಪಿದ್ದು ಟೊಯೋಟಾ, 2011ರ ಮಾದರಿಗಳಿಗೆ. ಒಪ್ಪಿದ ಮೇಲೆ ಅವರ ಟುಂಡ್ರಾ ಪಿಕಪ್‌ನ ಅಂಕಿ ಕೆಳಗಿಳಿಯಿತು. ಗಾಡಿ ಅದೇ, ಅಳತೆಗೋಲು ಮಾತ್ರ ಕಟ್ಟುನಿಟ್ಟಾಯಿತು. ಆಮೇಲೆ ಬೇರೆ ಕಂಪನಿಗಳೂ ಒಂದೊಂದಾಗಿ ಇದೇ ದಾರಿಗೆ ಬಂದವು.

ಈ ಪರೀಕ್ಷೆಯ ಮುಖ್ಯ ದಾರಿ ನಮ್ಮ ಹುಡುಗ ಇರುವ ಅರಿಜೋನಾದಲ್ಲೇ ಇದೆ. ಕೊಲರಾಡೊ ನದಿಯ ಡೇವಿಸ್ ಅಣೆಕಟ್ಟಿನ ಹತ್ತಿರದಿಂದ ಏರುವ ರಸ್ತೆ ಅದು. ಸುಮಾರು 18 ಕಿಲೋಮೀಟರ್ ಉದ್ದ, ಅಷ್ಟರಲ್ಲಿ ಸುಮಾರು 900 ಮೀಟರ್ ಏರು. ಲೋಣಾವಳಾ ಇರುವುದೇ ಸಮುದ್ರ ಮಟ್ಟದಿಂದ 620 ಮೀಟರ್ ಎತ್ತರದಲ್ಲಿ. ಅಂದರೆ ಖೋಪೋಲಿಯಿಂದ ಖಂಡಾಲಾಕ್ಕೆ ಏರುವುದಕ್ಕಿಂತ ಇದು ಜಾಸ್ತಿ. ಬಿಸಿಲು 38 ಡಿಗ್ರಿಗೆ ಕಡಿಮೆ ಇರಬಾರದು. ಎಸಿ ಪೂರ್ತಿ ಹಾಕಿರಬೇಕು. ಹಿಂದೆ ಟ್ರೇಲರ್ ಕಟ್ಟಿಕೊಂಡು, ವೇಗ ಗಂಟೆಗೆ 64 ಕಿಲೋಮೀಟರಿಗಿಂತ ಕೆಳಗೆ ಇಳಿಯದ ಹಾಗೆ ಹತ್ತಬೇಕು. ಯಾವುದೂ ಕಾದು ಕೆಡಬಾರದು. ಇದಲ್ಲದೆ 12 ಶೇಕಡಾ ಏರಿನಲ್ಲಿ ನಿಂತ ಗಾಡಿಯನ್ನು 5 ನಿಮಿಷದೊಳಗೆ 5 ಸಲ ಮುಂದಕ್ಕೆ ಹೊರಡಿಸಬೇಕು. ಹಿಂದಕ್ಕೂ ಹಾಗೇ ಮಾಡಿ ತೋರಿಸಬೇಕು. ಇಷ್ಟಕ್ಕೂ ತಡೆದುಕೊಂಡ ತೂಕಕ್ಕೇ ಗೆರೆ ಎಳೆಯುತ್ತಾರೆ.

ಈಗ ನೋಡಿ, ಈ ಏರಿನಲ್ಲಿ ಒಂದು ವೇರಿಯಂಟ್ ಗೆದ್ದು ಇನ್ನೊಂದು ಸೋಲುವುದು ಯಾಕೆ ಅಂತ. ಮೊದಲ ಕಾರಣ ಬಿಸಿ. ಏರಿನಲ್ಲಿ ಎಂಜಿನ್ನೂ ಗೇರ್‌ಬಾಕ್ಸಿನ ಆಯಿಲ್ಲೂ ಕಾಯುತ್ತವೆ. ಬೇಸಿಗೆಯಲ್ಲಿ ಘಾಟ್ ರಸ್ತೆಯ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ನಿಂತ ಗಾಡಿಗಳನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ. ಅಮೆರಿಕದಲ್ಲಿ 'ಟೋ ಪ್ಯಾಕೇಜ್' ಅಂತ ಬೇರೆ ದುಡ್ಡಿಗೆ ಕೊಡುತ್ತಾರೆ. ಜನ ಅದನ್ನು ಹಿಂದೆ ಕೂರಿಸುವ ಒಂದು ಕೊಂಡಿ ಮಾತ್ರ ಅಂದುಕೊಳ್ಳುತ್ತಾರೆ. ಆದರೆ ಅದರಲ್ಲಿ ಅನೇಕ ಸಲ ದೊಡ್ಡ ರೇಡಿಯೇಟರ್, ಗೇರ್‌ಬಾಕ್ಸ್ ಆಯಿಲ್ ತಂಪು ಮಾಡುವ ಕೂಲರ್, ಟ್ರೇಲರಿನ ಬ್ರೇಕು ದೀಪಗಳಿಗೆ ವೈರಿಂಗ್ ಕೂಡ ಇರುತ್ತದೆ. ಕೆಲವು ಗಾಡಿಗಳಲ್ಲಿ ಡಿಫರೆನ್ಷಿಯಲ್ಲಿನ, ಅಂದರೆ ಹಿಂದಿನ ಚಕ್ರಗಳ ನಡುವೆ ಇರುವ ಗೇರ್ ಪೆಟ್ಟಿಗೆಯ, ಹಲ್ಲುಗಳೇ ಬೇರೆ. ಆಮೇಲೆ ಹೊರಗಿನ ಗ್ಯಾರೇಜಿನಲ್ಲಿ ಕೊಂಡಿ ಒಂದನ್ನೇ ಹಾಕಿಸಿದರೆ ಈ ಅಂಕಿ ಸಿಗುವುದಿಲ್ಲ. ಈ ಮಾತನ್ನು ಅಳಿಯನಿಗೆ ಎರಡು ಸಲ ಹೇಳಿದೆ.

ಆ ಹಲ್ಲುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಂಜಿನ್ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಒಂದು ಉದ್ದನೆಯ ಶಾಫ್ಟ್ ಹೋಗುತ್ತದೆ. ಅದು ಎಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಅನ್ನುವುದೇ ಆಕ್ಸಲ್ ಅನುಪಾತ. ಫೋರ್ಡ್ ಎಫ್-150 ಟ್ರಕ್ಕಿನಲ್ಲಿ 3.31, 3.55, 3.73 ಹೀಗೆ ಬೇರೆ ಬೇರೆ ಅನುಪಾತ ಸಿಗುತ್ತಿತ್ತು. ಪುಣೆಯಲ್ಲಿ ಭಾನುವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಸಿಂಹಗಡ ಹತ್ತುವವರನ್ನು ನೋಡಿ. ಕಾಲು ಜಾಸ್ತಿ ಸುತ್ತುತ್ತದೆ, ಸೈಕಲ್ ನಿಧಾನ ಹೋಗುತ್ತದೆ, ಆದರೆ ಏರು ಹತ್ತುತ್ತದೆ. 3.73 ಅಂದರೆ ಆ ತರಹದ ಗೇರ್. 3.31 ಅಂದರೆ ಸಪಾಟು ರಸ್ತೆಯ ಗೇರ್. ಪೆಟ್ರೋಲ್ ಉಳಿಯುತ್ತದೆ, ಎಳೆತ ಕಡಿಮೆ. ಹೊರಗಿನಿಂದ ನೋಡಿದರೆ ಎರಡೂ ಗಾಡಿ ಒಂದೇ. ಬಾನೆಟ್ ಎತ್ತಿದರೂ ಒಂದೇ. ಬದಲಾಗಿರುವುದು ಹಿಂದಿನ ಗುಂಡಗಿನ ಹೌಸಿಂಗ್ ಒಳಗೆ.

ಟೈರು ದೊಡ್ಡದಾದರೆ ಈ ಲಾಭ ಹೋಗಿಬಿಡುತ್ತದೆ. 31 ಇಂಚಿನ ಟೈರು ಇದ್ದಲ್ಲಿ 35 ಇಂಚಿನದು ಹಾಕಿದರೆ ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗಬೇಕು. 3.73ನ್ನು 31ರಿಂದ ಗುಣಿಸಿ 35ರಿಂದ ಭಾಗಿಸಿ. 3.30 ಬರುತ್ತದೆ. ದುಡ್ಡು ಕೊಟ್ಟು ತಗೊಂಡ ಏರಿನ ಗೇರ್, ದೊಡ್ಡ ಟೈರಿನಿಂದಾಗಿ ಸಪಾಟಿನ ಗೇರ್ ಆಯಿತು. ನೋಡಲು ಚೆಂದ ಅಂತ ದೊಡ್ಡ ಚಕ್ರ ಹಾಕಿಸುವವರು ಈ ಲೆಕ್ಕ ಮಾಡಿಕೊಳ್ಳಲೇಬೇಕು.

ಎರಡನೇ ಕಾರಣ ಸ್ಪ್ರಿಂಗು. ಇದಕ್ಕೆ ಎಫ್-150ರಲ್ಲೇ ಒಳ್ಳೆಯ ಉದಾಹರಣೆ ಇದೆ. 2021ರ ಮಾದರಿಯಲ್ಲಿ ಸರಿಯಾದ ಎಂಜಿನ್ನು, ಸರಿಯಾದ ಟೋ ಪ್ಯಾಕೇಜು ಇದ್ದ ಗಾಡಿಗೆ 14,000 ಪೌಂಡ್ ಎಳೆಯುವ ಅಂಕಿ ಇತ್ತು. ಅಂದರೆ ಸುಮಾರು 6,350 ಕಿಲೋ. ಅದೇ ವರ್ಷದ ರ‍್ಯಾಪ್ಟರ್ ವೇರಿಯಂಟಿಗೆ 8,200 ಪೌಂಡ್, ಸುಮಾರು 3,720 ಕಿಲೋ. ರ‍್ಯಾಪ್ಟರಿನ ಎಂಜಿನ್ 450 ಅಶ್ವಶಕ್ತಿಯದು. 14,000 ಎಳೆಯುವ ಗಾಡಿಯ ಎಂಜಿನ್ 400ರದ್ದು. ಆಕ್ಸಲ್ ಅನುಪಾತವೂ ರ‍್ಯಾಪ್ಟರಿಗೇ ಜಾಸ್ತಿ, 4.10. ಬಲವೂ ಹೆಚ್ಚು, ಗೇರೂ ಏರಿನದೇ. ಹಾಗಿದ್ದೂ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ ಎಳೆಯುತ್ತದೆ. ಯಾಕೆ?

ರ‍್ಯಾಪ್ಟರ್ ಮಾಡಿರುವುದು ಮರುಭೂಮಿಯಲ್ಲಿ ಹಾರಿ ಹಾರಿ ಓಡಲು. ಅದರ ಹಿಂಬದಿಯಲ್ಲಿ ಲೀಫ್ ಸ್ಪ್ರಿಂಗ್, ಅಂದರೆ ಪಟ್ಟಿ ಸ್ಪ್ರಿಂಗ್ ತೆಗೆದು ಉದ್ದನೆಯ, ಮೆತ್ತನೆಯ ಕಾಯಿಲ್ ಸ್ಪ್ರಿಂಗ್ ಹಾಕಿದ್ದಾರೆ. ಹಳ್ಳಕ್ಕೆ ಬಿದ್ದರೆ ಅದು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಿಂದೆ ಭಾರ ಕೂತರೆ ಕುಸಿಯುತ್ತದೆ, ತೂಗಾಡುತ್ತದೆ. ನಮ್ಮ ಬೊಲೆರೊ ಪಿಕಪ್ ಖಾಲಿ ಇದ್ದಾಗ ಸೊಂಟ ನೋಯುವಷ್ಟು ಕುಲುಕುತ್ತದೆ. ಎರಡು ಟನ್ ಹಾಕಿದರೆ ನೆಟ್ಟಗೆ ನಿಲ್ಲುತ್ತದೆ. ಎರಡೂ ಆ ಪಟ್ಟಿ ಸ್ಪ್ರಿಂಗಿನದೇ ಗುಣ. ಒಂದೇ ಸ್ಪ್ರಿಂಗು ಎರಡು ಕೆಲಸವನ್ನೂ ಪೂರ್ತಿಯಾಗಿ ಮಾಡಲಾರದು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಮೂಕಿ ಭಾರ. ಮೂಕಿ ಅಂದರೆ ಎತ್ತಿನ ಗಾಡಿಯಿಂದ ಮುಂದಕ್ಕೆ ಚಾಚಿ ನೊಗಕ್ಕೆ ಸೇರುವ ಉದ್ದನೆಯ ಮರ.

ಪುಣೆ ಜಿಲ್ಲೆಯಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆ ದಾರಿಯಲ್ಲಿ ಈಗಲೂ ಎತ್ತಿನ ಗಾಡಿಗಳು ಸಾಲುಗಟ್ಟುತ್ತವೆ. ಗಾಡಿ ಹೇರುವವರಿಗೆ ಒಂದು ಅಂದಾಜು ಇರುತ್ತದೆ. ಭಾರ ಹಿಂದೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಮುಂದೆ ಜಾಸ್ತಿಯಾದರೆ ನೊಗ ಕುತ್ತಿಗೆ ಮೇಲೆ ಒತ್ತುತ್ತದೆ. ಎತ್ತು ಎಳೆಯುವುದರ ಜೊತೆಗೆ ಹೊರಬೇಕಾಗುತ್ತದೆ.

ಟ್ರೇಲರಿನಲ್ಲೂ ಇದೇ ನಡೆಯುವುದು. ಟ್ರೇಲರಿನ ಮೂತಿ ಟ್ರಕ್ಕಿನ ಕೊಂಡಿಯ ಮೇಲೆ ಕೂರುತ್ತದೆ. ಒಟ್ಟು ಟ್ರೇಲರ್ ತೂಕದ 10ರಿಂದ 15 ಶೇಕಡಾ ಅಲ್ಲಿ ಒತ್ತಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಹಾವಿನ ಹಾಗೆ ಬಾಲ ಬೀಸತೊಡಗುತ್ತದೆ. ಹೆದ್ದಾರಿಯಲ್ಲಿ ಅದು ಟ್ರಕ್ಕನ್ನೂ ಎಳೆದುಕೊಂಡು ಬೀಳಬಹುದು. ಹಾಗಾಗಿ ಮೂಕಿ ಭಾರ ಬೇಕೇ ಬೇಕು. ಆದರೆ ಆ ಭಾರವನ್ನು ಟ್ರಕ್ಕು ಹೊರಬೇಕು. ಅಲ್ಲಿಗೆ ಎಳೆಯುವ ಪ್ರಶ್ನೆ ಹೊರುವ ಪ್ರಶ್ನೆಯಾಯಿತು.

ಟ್ರಕ್ಕಿಗೆ ಇನ್ನೊಂದು ಮಿತಿ ಇದೆ. ತನ್ನ ನಾಲ್ಕು ಚಕ್ರದ ಮೇಲೆ ಒಟ್ಟು ಎಷ್ಟು ತೂಕ ಇರಬಹುದು ಅನ್ನುವುದು. ನನ್ನ ಲೆಕ್ಕದ ಟ್ರಕ್ಕುಗಳಿಗೆ ಅದು 3,200 ಕಿಲೋ ಅನ್ನೋಣ. ಕೆಳಗಿನ ವೇರಿಯಂಟ್ ತನ್ನ 2,100 ಕಳೆದು 1,100 ಕಿಲೋ ಹೊರಬಲ್ಲದು. ಮೇಲಿನದು 2,450 ಕಳೆದು 750. ಈಗ ಅಳಿಯನ ಸಂಸಾರ ಹತ್ತಿತು. ನಾಲ್ಕು ಜನ, ಹಾಸಿಗೆ, ಐಸ್ ಪೆಟ್ಟಿಗೆ, ಕೊಂಡಿಯ ಸಾಮಾನು, ಎಲ್ಲಾ ಸೇರಿ 400 ಕಿಲೋ ಅಂತಿಟ್ಟುಕೊಳ್ಳಿ. ಮೇಲಿನ ವೇರಿಯಂಟಿನಲ್ಲಿ ಮೂಕಿ ಭಾರಕ್ಕೆ ಉಳಿದದ್ದು 350 ಕಿಲೋ. ಮೂಕಿ ಭಾರ 12 ಶೇಕಡಾ ಅಂತ ಹಿಡಿದರೆ ಟ್ರೇಲರ್ 2,900 ಕಿಲೋ ದಾಟುವ ಹಾಗಿಲ್ಲ. ಬ್ರೋಷರಿನಲ್ಲಿ 4,910 ಅಂತ ಬರೆದಿತ್ತು! ಕೆಳಗಿನ ವೇರಿಯಂಟಿನಲ್ಲಿ ಮೂಕಿಗೆ 700 ಕಿಲೋ ಉಳಿಯುತ್ತದೆ. ಅಲ್ಲಿ ಅಡ್ಡ ಬರುವುದು ಜೋಡಿ ತೂಕ ಮಾತ್ರ. 7,500ರಲ್ಲಿ 2,100 ಮತ್ತು 400 ಕಳೆದು 5,000 ಕಿಲೋ ಎಳೆಯಬಹುದು.

ಕಾಗದದಲ್ಲಿ ಎರಡರ ನಡುವೆ 350 ಕಿಲೋ ವ್ಯತ್ಯಾಸ ಇತ್ತು. ಸಂಸಾರ ಹತ್ತಿದ ಮೇಲೆ ಅದು 2,100 ಕಿಲೋ ಆಯಿತು. ನಾನು ಅಳಿಯನಿಗೆ ತಲುಪಿಸಬೇಕು ಅಂದುಕೊಂಡದ್ದು ಇದನ್ನೇ.

ಬ್ರೋಷರಿನವರು ಸುಳ್ಳು ಹೇಳಿಲ್ಲ. ಜೆ2807 ಪ್ರಕಾರ ಲೆಕ್ಕ ಹಾಕುವಾಗ ಟ್ರಕ್ಕಿನಲ್ಲಿ ಇಬ್ಬರೇ ಇರುತ್ತಾರೆ. ಒಬ್ಬೊಬ್ಬರು 150 ಪೌಂಡ್, ಅಂದರೆ 68 ಕಿಲೋ. ಮಕ್ಕಳಿಲ್ಲ, ಸಾಮಾನಿಲ್ಲ. ಆ ವೇರಿಯಂಟಿನಲ್ಲಿ ಹೆಚ್ಚು ಜನ ಕೊಳ್ಳುವ ಸವಲತ್ತುಗಳ ತೂಕ ಸೇರಿಸಿರುತ್ತಾರೆ. ಅಪರೂಪಕ್ಕೆ ಕೊಳ್ಳುವುದನ್ನು ಸೇರಿಸಿರುವುದಿಲ್ಲ. ಮೂಕಿ ಭಾರವನ್ನೂ 10 ಶೇಕಡಾ ಅಂತ ಹಿಡಿದಿರುತ್ತಾರೆ. ಮನೆ ಮಂದಿಯೆಲ್ಲ ಹೊರಟರೆ ಆ ಅಂಕಿ ನಮ್ಮದಲ್ಲ.

ಎಂಜಿನ್ನೇ ಬೇರೆ ಮಾಡುವುದೂ ಉಂಟು. 2022ರ ಟುಂಡ್ರಾದ ಅತಿ ಕೆಳಗಿನ ಎಸ್‌ಆರ್ ವೇರಿಯಂಟಿನಲ್ಲಿ ಅದೇ ವಿ6 ಟರ್ಬೊ ಎಂಜಿನ್ನನ್ನು 348 ಅಶ್ವಶಕ್ತಿಗೆ ಇಳಿಸಿದ್ದರು. ಅದರ ಅಂಕಿ 8,300 ಪೌಂಡ್. ಒಂದು ಮೆಟ್ಟಿಲು ಮೇಲಿನ ಎಸ್‌ಆರ್5ನಲ್ಲಿ 389 ಅಶ್ವಶಕ್ತಿ, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಮಾದರಿಗೆ 12,000 ಪೌಂಡ್. ಅದಕ್ಕೂ ಮೇಲೆ 437 ಅಶ್ವಶಕ್ತಿಯ ಹೈಬ್ರಿಡ್ ಇದೆ. ಬ್ಯಾಟರಿ, ಮೋಟರಿನ ತೂಕವನ್ನೂ ಹೊತ್ತ ಅದು 12,000 ಮುಟ್ಟುವುದಿಲ್ಲ. ಆದ್ದರಿಂದ ಕೆಳಗಿನದೇ ಯಾವಾಗಲೂ ಜಾಸ್ತಿ ಎಳೆಯುತ್ತದೆ ಅಂತಲೂ ಅಲ್ಲ. ಬಹಳ ಸಲ ನಡುವಿನದು ಗೆಲ್ಲುತ್ತದೆ.

ಗೇರ್‌ಬಾಕ್ಸೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೋಟಾದ ಹೈಲಕ್ಸ್ ಪಿಕಪ್ ಇದೆಯಲ್ಲ, ಅದೇ ಹೆಸರಿನ ಗಾಡಿ 2015ರಲ್ಲಿ ಆಸ್ಟ್ರೇಲಿಯಾಕ್ಕೆ ಹೊಸ ರೂಪದಲ್ಲಿ ಬಂದಾಗ 2.8 ಲೀಟರ್ ಡೀಸೆಲ್, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಮ್ಯಾನುಯಲ್‌ಗೆ 3,500 ಕಿಲೋ, ಆಟೊಮ್ಯಾಟಿಕ್‌ಗೆ 3,200 ಕಿಲೋ ಇತ್ತು. ತಿರುಗುಬಲ ಆಟೊಮ್ಯಾಟಿಕ್‌ಗೇ ಜಾಸ್ತಿ, 450 ನ್ಯೂಟನ್ ಮೀಟರ್. ಮ್ಯಾನುಯಲ್‌ಗೆ 420. ಆದರೂ ಅಂಕಿ ಉಲ್ಟಾ. 2020ರಲ್ಲಿ ಗಾಡಿಯನ್ನು ಸುಧಾರಿಸಿದ ಮೇಲೆ ಎರಡಕ್ಕೂ 3,500 ಆಯಿತು. ಇನ್ನೊಂದು ವಿಷಯ. ಈ 3,500 ಅನ್ನುವುದು ಟ್ರೇಲರಿಗೆ ತನ್ನದೇ ಬ್ರೇಕ್ ಇದ್ದರೆ ಮಾತ್ರ. ಬ್ರೇಕ್ ಇಲ್ಲದ ಟ್ರೇಲರ್ ಆದರೆ 750 ಕಿಲೋಗೆ ಮುಗಿಯಿತು.

ಅದಕ್ಕೆ ಕಾರಣ ಇಳಿಜಾರು. ಹತ್ತುವುದಕ್ಕಿಂತ ಇಳಿಯುವುದು ಅಪಾಯ. ಭೋರ್ ಘಾಟ್ ಇಳಿಯುವ ರೈಲಿಗೆ ಕ್ಯಾಚ್ ಸೈಡಿಂಗ್ ಅಂತ ಮಾಡಿದ್ದಾರೆ. ಬ್ರೇಕ್ ಹಿಡಿಯದ ರೈಲು ಮುಖ್ಯ ಹಳಿ ಬಿಟ್ಟು ಏರಿನ ಹಳಿಗೆ ಹೋಗಿ ನಿಲ್ಲಲಿ ಅಂತ. ಎಳೆಯುವ ಟ್ರಕ್ಕಿಗೆ ಅಂಥ ಏರ್ಪಾಡು ಎಲ್ಲಾ ಕಡೆ ಇರುವುದಿಲ್ಲ. ಅದರ ಬ್ರೇಕು, ಟ್ರೇಲರಿನ ಬ್ರೇಕು, ಕೆಳಗಿನ ಗೇರಿನಲ್ಲಿ ಎಂಜಿನ್ ಹಿಡಿಯುವ ಹಿಡಿತ, ಇಷ್ಟೇ ಆಸರೆ.

ನಾಲ್ಕು ಚಕ್ರದ ಶಕ್ತಿ ಬಗ್ಗೆಯೂ ಹುಡುಗ ಕೇಳಿದ. ಮುಂದಿನ ಚಕ್ರಕ್ಕೂ ಶಕ್ತಿ ಒಯ್ಯಲು ಇನ್ನೊಂದು ಡಿಫರೆನ್ಷಿಯಲ್, ಇನ್ನೊಂದು ಶಾಫ್ಟ್ ಬೇಕು. ಆ ತೂಕವೂ ಉಳಿಕೆಯಿಂದಲೇ ಹೋಗುತ್ತದೆ. ಹಾಗಂತ ಅದು ಬೇಡ ಅನ್ನಲಾರೆ. ಗೋವಾದಲ್ಲಿ ಮಳೆಗಾಲದ ಹೊತ್ತಿಗೆ ದೋಣಿಯನ್ನು ನೀರಿನಿಂದ ಮೇಲೆ ಎಳೆಯುವುದನ್ನು ನೋಡಿದವರಿಗೆ ಗೊತ್ತು. ಪಾಚಿ ಕಟ್ಟಿದ ಇಳಿಜಾರಿನಲ್ಲಿ ಎರಡೇ ಚಕ್ರ ತಿರುಗಿದರೆ ಗಾಡಿ ನಿಂತಲ್ಲೇ ಜಾರುತ್ತದೆ. 100 ಕಿಲೋ ಕಡಿಮೆ ಎಳೆದರೂ ಪರವಾಗಿಲ್ಲ, ಅಲ್ಲಿ ನಾಲ್ಕು ಚಕ್ರವೇ ಬೇಕು. ನೀವು ಎಲ್ಲಿ ಎಳೆಯುತ್ತೀರಿ ಅನ್ನುವುದನ್ನು ನೋಡಿ ಆರಿಸಬೇಕು.

ಕೊನೆಗೆ ಅಳಿಯನಿಗೆ ಹೇಳಿದ್ದು ಇಷ್ಟು. ಬ್ರೋಷರ್ ಮಡಚಿಡು. ಶೋರೂಮಿನಲ್ಲಿ ನಿನಗೆ ಕೊಡುವ ಅದೇ ಗಾಡಿಯ ಡ್ರೈವರ್ ಬಾಗಿಲು ತೆಗೆ. ಕಂಬದ ಮೇಲೆ ಹಳದಿ ಪಟ್ಟಿಯ ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ ಅದರಲ್ಲಿ ಇರುತ್ತದೆ. ಅದು ಆ ಒಂದು ಗಾಡಿಯದೇ ಅಂಕಿ. ಪಕ್ಕದಲ್ಲಿ ನಿಂತ ಅದೇ ಬಣ್ಣದ ಗಾಡಿಯದು ಬೇರೆ ಇರಬಹುದು. ಅದರಲ್ಲಿ ಮನೆಯವರ ತೂಕ, ಸಾಮಾನಿನ ತೂಕ ಕಳೆ. ಉಳಿದದ್ದನ್ನು 0.12ರಿಂದ ಭಾಗಿಸು. ಬ್ರೋಷರಿನ ಅಂಕಿಯಲ್ಲಿ, ಅವರು ಆಗಲೇ ಹಿಡಿದಿರುವ ಇಬ್ಬರನ್ನು ಬಿಟ್ಟು, ಉಳಿದವರ ತೂಕ, ಸಾಮಾನಿನ ತೂಕ ಕಳೆ. ಆ ಅಂಕಿಯನ್ನೂ ಕೊಂಡಿಯ ಮೇಲೆ ಬರೆದ ಅಂಕಿಯನ್ನೂ ಪಕ್ಕದಲ್ಲಿಡು. ಮೂರರಲ್ಲಿ ಯಾವುದು ಚಿಕ್ಕದೋ ಅದೇ ನಿನ್ನ ಟ್ರೇಲರಿನ ಮಿತಿ.

ಎರಡು ದಿನ ಬಿಟ್ಟು ಅವನು ಎರಡು ಚೀಟಿಗಳ ಫೋಟೊ ಕಳಿಸಿದ. ಮೇಲಿನ ವೇರಿಯಂಟ್ ಬಿಟ್ಟು ನಡುವಿನದನ್ನು ಟೋ ಪ್ಯಾಕೇಜ್ ಸಮೇತ ಬುಕ್ ಮಾಡಿದ್ದಾನೆ. ಗಾಜಿನ ಛಾವಣಿ ಇಲ್ಲ ಅಂತ ಮಕ್ಕಳಿಗೆ ಸ್ವಲ್ಪ ಬೇಜಾರಂತೆ. ಮೊದಲ ಪ್ರವಾಸಕ್ಕೆ ಹೊರಡುವ ದಿನ ಎಲ್ಲಾ ಹೇರಿಕೊಂಡು, ಎಲ್ಲರೂ ಕೂತು, ದಾರಿಯಲ್ಲಿರುವ ವೇಬ್ರಿಜ್ ಮೇಲೆ ಒಂದು ಸಲ ತೂಗಿಸು ಅಂದಿದ್ದೇನೆ. ಆ ರಸೀದಿಯ ಫೋಟೊಗೆ ಕಾಯುತ್ತಿದ್ದೇನೆ.